ಹೊರಡುವಾಗಲೇ ಹಿಂದಿರುಗುವ ದಾರಿ

ಮಕ್ಕಳು, ಮೊಮ್ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮುಖ ನೋಡಲೆಂದೋ ಹಿರಿಯರು ವಿಮಾನವೇರಿ ಹೋಗಿಬರುವುದು ಈಗ ಸಾಮಾನ್ಯ ಸಂಗತಿ. ಹಾಗೆ ಹೋಗಿಬಂದವರು ಅಲ್ಲಿಯ ರಸ್ತೆ, ಅಂಗಡಿ, ಶಿಸ್ತುಗಳನ್ನು ಬಣ್ಣಿಸುವುದೂ ವಾಡಿಕೆ. ನಾವು ಇಲ್ಲಿ ಹೇಳಹೊರಟಿರುವುದು ಅಂತಹ ಪ್ರವಾಸಕಥನವಲ್ಲ. ಆಸ್ಟ್ರೇಲಿಯದ ಒಂದು ಕುರುಚಲು ಕಾಡಿನಲ್ಲಿ, ನಿಲ್ಲಿಸಿದ ಗಾಡಿಯಿಂದ ಅನತಿ ದೂರದಲ್ಲಿಯೇ, ನಾವು ದಾರಿ ತಪ್ಪಿ ನಿಂತ ಒಂದು ಮಧ್ಯಾಹ್ನದ ಸಂಗತಿ ಇದು. ಆ ಬಳಿಕ ಕೇಳಿ, ಓದಿ ತಿಳಿದುಕೊಂಡ ಕೆಲವು ಉಪಯುಕ್ತ ವಿಷಯಗಳನ್ನೂ ಇದರೊಂದಿಗೆ ಸೇರಿಸಿದ್ದೇವೆ. ಆ ದೇಶದಲ್ಲಿ ಮಕ್ಕಳಿರುವವರು ಇದನ್ನು ಓದಿ ಅವರಿಗೂ ತಿಳಿಸಿದರೆ ನಮ್ಮ ಶ್ರಮ ಸಾರ್ಥಕ.

ಹೂ ನೋಡಲು ಹೋದದ್ದು

2017ರ ಸೆಪ್ಟೆಂಬರ್ ತಿಂಗಳು. ಪರ್ತ್ ನಗರದಲ್ಲಿರುವ ಮಗಳ ಮನೆಗೆ ನಾವು ದಂಪತಿಗಳು ಹೋಗಿದ್ದೆವು. ಪರ್ತ್ ಪಶ್ಚಿಮ ಆಸ್ಟ್ರೇಲಿಯ ರಾಜ್ಯದ ರಾಜಧಾನಿ. ಆ ಒಂದು ರಾಜ್ಯದ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದಂತಹ ಹದಿಮೂರು ರಾಜ್ಯಗಳು ಅದರಲ್ಲಿ ಅಡಗುತ್ತವೆ. ಜನರಲ್ಲಿ ಬಹುಪಾಲು ಕಡಲತೀರದಲ್ಲಿ ವಾಸಿಸುತ್ತಾರೆ. ಒಳನಾಡು ಬಹುಮಟ್ಟಿಗೆ ನಿರ್ಜನ.

ಪರ್ತ್‌ನಿಂದ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ದೂರದಲ್ಲಿ ಕಾಲ್ಗೂರ್ಲಿ ಎಂಬ ಚಿನ್ನದ ಗಣಿಯ ಪಟ್ಟಣವಿದೆ. 1893ರಲ್ಲಿ ಪ್ಯಾಡಿ ಹ್ಯಾನನ್ ಮತ್ತು ಅವನ ಇಬ್ಬರು ಸಂಗಡಿಗರಿಗೆ ಅಲ್ಲಿ ಚಿನ್ನ ದೊರೆತ ಮೇಲೆ ಹುಟ್ಟಿದ ಊರು. ನಮ್ಮ ಕೋಲಾರ, ಹಟ್ಟಿಗಳ ಶಿಲೆಗಳಂತೆಯೇ ಅತಿಪುರಾತನವಾದ ಶಿಲೆಗಳಲ್ಲಿ ಅಲ್ಲಿಯೂ ಚಿನ್ನ ಅಡಗಿದೆ. ಇಂದಿಗೂ ಪರವಾನಗಿ ಪಡೆದು, ಲೋಹಶೋಧಕ ಯಂತ್ರ ಹಿಡಿದು ಆ ಕಾಡುಗಳಲ್ಲಿ ಚಿನ್ನದ ತುಣುಕು ಹುಡುಕುವ ಹವ್ಯಾಸಿಗಳು ಇದ್ದಾರೆ. ನಮಗೆ ಚಿನ್ನದ ಆಸೆ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಆ ಕೆಂಪು ನೆಲದಲ್ಲಿ ಅರಳುವ ಕಾಡುಹೂಗಳನ್ನು ನೋಡುವ ಆಸೆ ಇತ್ತು.

ಕಾಲ್ಗೂರ್ಲಿಯಲ್ಲಿ ರಾತ್ರಿ ತಂಗಿ, ಮರುದಿನ ಉತ್ತರಕ್ಕೆ ಹೊರಟು, ಮೆಂಜೀಸ್ ಎಂಬ ಚಿಕ್ಕ ಊರನ್ನು ದಾಟಿದೆವು. ಡಾಂಬರು ರಸ್ತೆಯನ್ನು ಬಿಟ್ಟು, ದಕ್ಷಿಣೋತ್ತರವಾಗಿ ಹೋಗುವ ಒಂದು ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಸಾಗಿ ಅಳಿಯಂದಿರು ಗಾಡಿ ನಿಲ್ಲಿಸಿದರು. ಮಗಳು ಚಾಪೆ ಹಾಸಿ ರೊಟ್ಟಿ, ಚಟ್ನಿಪುಡಿಯ ಗಂಟು ಬಿಚ್ಚತೊಡಗಿದಳು. ಆಗ ಗಂಟೆ ಹನ್ನೊಂದೂವರೆ. "ಹತ್ತು ನಿಮಿಷದಾಗ ಬರ್ತೀವಿ" ಎಂದು ಹೇಳಿ, ನಾವಿಬ್ಬರೂ ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ದಾರಿಯ ಪೂರ್ವಕ್ಕೆ ಕಾಡಿನೊಳಗೆ ಕಾಲಿಟ್ಟೆವು.

ಬಿಳಿ, ಹಳದಿ, ನಸುಗೆಂಪು ಬಣ್ಣದ ಹೂಗಳು. ಕಾಗದದಿಂದ ಮಾಡಿದಂತೆ ಒಣಗಿದ ಎಸಳು. ಬಿಸಿಲಿಗೆ ಬಾಡುವುದೇ ಇಲ್ಲ. ಒಂದು ಗುಂಪು ನೋಡುವಷ್ಟರಲ್ಲಿ ಆಚೆಗೆ ಇನ್ನೊಂದು ಗುಂಪು ಕಾಣುತ್ತದೆ. ನೆಲವನ್ನೇ ನೋಡುತ್ತ ನಡೆದ ನಮಗೆ ಹತ್ತು ನಿಮಿಷ ಅರ್ಧ ಗಂಟೆಯಾದುದು ತಿಳಿಯಲಿಲ್ಲ. ನಮ್ಮ ಮನೆಯವರು ತಲೆಯೆತ್ತಿ ಕೇಳಿದರು: "ಅಲ್ರೀ, ಗಾಡಿ ಯಾ ಕಡೆ ಆತು?"

ತಿರುಗಿ ನೋಡಿದೆವು. ಎತ್ತ ನೋಡಿದರೂ ಅದೇ ಗಿಡ, ಅದೇ ಕೆಂಪು ಮಣ್ಣು, ಅದೇ ಆಕಾಶ. ಕೂಗಿದೆವು, ಓಗೊಡುವವರಿಲ್ಲ.

ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮಗೆ ದಿಕ್ಕು ತಪ್ಪುವ ಭಯವಿರಲಿಲ್ಲ. ಹೊತ್ತು ನೋಡಿ ದಿಕ್ಕು ಹೇಳುವ ಅಭ್ಯಾಸ ಬಾಲ್ಯದಿಂದ ಬಂದದ್ದು. ನಡುಹಗಲು, ಸೂರ್ಯ ಸ್ವಲ್ಪ ವಾಲಿದ್ದಾನೆ. ವಾಲಿದ ಕಡೆ ದಕ್ಷಿಣ. ಅತ್ತ ಮುಖ ಮಾಡಿದರೆ ಬಲಗೈ ಪಶ್ಚಿಮ. ದಾರಿ ಇರುವುದು ಪಶ್ಚಿಮಕ್ಕೆ. ಹೀಗೆ ಲೆಕ್ಕ ಹಾಕಿ ಬಲಕ್ಕೆ ಹೆಜ್ಜೆ ಹಾಕಿದೆವು. ಮೊಮ್ಮಗ ಅಂಗಿ ಹಿಡಿದು ಜಗ್ಗಿದ. "ಅಜ್ಜಾ, ಇಲ್ಲಿ ಮಧ್ಯಾಹ್ನ ಸೂರ್ಯ ಉತ್ತರಕ್ಕ ಇರ್ತಾನ. ನಮ್ಮ ಸಾಲ್ಯಾಗ ಹೇಳ್ಯಾರ." "ನೀ ಸುಮ್ನ ಬಾ" ಎಂದೆವು.

ಆ ಒಂದು ಮಾತನ್ನು ನೆನೆದರೆ ನಮಗೆ ಇಂದಿಗೂ ನಾಚಿಕೆಯಾಗುತ್ತದೆ. ಹುಡುಗ ಹೇಳಿದುದೇ ಸರಿ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ನಾಡಿನಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ನಾವು ಪಶ್ಚಿಮವೆಂದು ನಂಬಿ ನಡೆದದ್ದು ನೇರ ಪೂರ್ವಕ್ಕೆ. ಇಡುವ ಒಂದೊಂದು ಹೆಜ್ಜೆಯೂ ನಮ್ಮನ್ನು ಗಾಡಿಯಿಂದ ದೂರಕ್ಕೆ ಒಯ್ಯುತ್ತಿತ್ತು. ನೀರಿನ ಬಾಟಲಿ ನಾಲ್ಕಿದ್ದವು, ನಾಲ್ಕೂ ಗಾಡಿಯಲ್ಲಿದ್ದವು. ಮೊಬೈಲ್‌ಗಳೂ ಅಲ್ಲಿಯೇ.

ಇಪ್ಪತ್ತು ನಿಮಿಷ ನಡೆದ ಮೇಲೆ ನಮ್ಮ ಮನೆಯವರು ಒಂದು ಗಿಡದ ನೆರಳಿನಲ್ಲಿ ಕುಳಿತುಬಿಟ್ಟರು. "ಹುಡುಗ ಹೇಳಿದ್ದನ್ನ ಒಮ್ಮೆ ಕೇಳ್ರಿ" ಎಂದರು. ಆ ಕೂತದ್ದೇ ನಮ್ಮನ್ನು ಕಾಯ್ದಿತು.

ಮೊಮ್ಮಗ ಒಂದು ಕೋಲನ್ನು ನೆಲದಲ್ಲಿ ನೆಟ್ಟು, ಅದರ ನೆರಳಿನ ತುದಿಗೆ ಕಲ್ಲಿಟ್ಟ. ಕಾಲು ಗಂಟೆಯ ಬಳಿಕ ನೆರಳು ಸರಿದ ಜಾಗಕ್ಕೆ ಮತ್ತೊಂದು ಕಲ್ಲಿಟ್ಟ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಈ ಲೆಕ್ಕ ಭೂಮಿಯ ಉತ್ತರಾರ್ಧದಲ್ಲಿಯೂ ದಕ್ಷಿಣಾರ್ಧದಲ್ಲಿಯೂ ಒಂದೇ. ಅವನು ತೋರಿದ ಕಡೆಗೆ, ಎದುರಿಗೆ ಕಾಣುವ ಒಂದು ಗಿಡವನ್ನು ಗುರುತಿಟ್ಟು ಅಲ್ಲಿಗೆ ನಡೆದು, ಅಲ್ಲಿಂದ ಅದೇ ನೇರಕ್ಕೆ ಮತ್ತೊಂದು ಗಿಡವನ್ನು ಹಿಡಿದು ಸಾಗಿದೆವು. ಸುಮಾರು ಮುಕ್ಕಾಲು ಗಂಟೆಯ ನಂತರ ಮಣ್ಣಿನ ದಾರಿ ಸಿಕ್ಕಿತು. ಗಾಡಿ ಮಾತ್ರ ಕಾಣಲಿಲ್ಲ. ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ ನಿಂತಿರುವಾಗ ಬಲಗಡೆಯಿಂದ ಗಾಡಿಯ ಹಾರ್ನ್ ಕೇಳಿಸಿತು. ಮೂರು ಸಲ ಬಾರಿಸಿ, ಬಿಟ್ಟು, ಮತ್ತೆ ಮೂರು ಸಲ ಬಾರಿಸುತ್ತಿದ್ದರು ಅಳಿಯಂದಿರು. ಮಗಳು ನಮ್ಮನ್ನು ನೋಡಿದೊಡನೆ ಮಾತಾಡಲಿಲ್ಲ. ನೀರಿನ ಬಾಟಲಿಯನ್ನು ಕೈಗಿತ್ತು ಮುಖ ತಿರುಗಿಸಿ ಅತ್ತಳು. ಅದು ಸೆಪ್ಟೆಂಬರ್ ಆಗಿದ್ದುದು ನಮ್ಮ ಪುಣ್ಯ. ಜನವರಿಯಲ್ಲಿ ಆ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ.

ಗುರುತಿಲ್ಲದ ನೆಲ

ನಮ್ಮ ನಾಡಿನಲ್ಲಿ ಹೊಲಕ್ಕೆ ಹೋದವನು ದಾರಿ ತಪ್ಪುವುದು ವಿರಳ. ಒಂದು ಕಡೆ ಗುಡ್ಡ, ಒಂದು ಕಡೆ ಕೆರೆಯ ಏರಿ, ದೂರದಲ್ಲಿ ಗುಡಿಯ ಗೋಪುರ, ನಡುವೆ ಬದು, ಬನ್ನಿಗಿಡ, ಬಾವಿ. ಕಣ್ಣು ತನಗೆ ತಿಳಿಯದಂತೆಯೇ ಇವುಗಳನ್ನು ಹಿಡಿದು ನಡೆಸುತ್ತದೆ. ಅಲ್ಲಿಯ ಒಳನಾಡಿನಲ್ಲಿ ನೂರಾರು ಕಿಲೋಮೀಟರ್ ನೆಲ ಚಪ್ಪಟೆ. ಅದರ ಮೇಲೆ ಮಲ್ಗಾ ಎಂಬ, ನಮ್ಮ ಜಾಲಿಯ ದೂರದ ಸಂಬಂಧಿಯಾದ ಗಿಡ, ಆಳೆತ್ತರಕ್ಕಿಂತ ತುಸು ಮೇಲೆ ಬೆಳೆದು ನಿಂತಿರುತ್ತದೆ. ಅದು ದಟ್ಟ ಕಾಡಲ್ಲ; ಅದೇ ಮೋಸ. ಒಳಗೆ ಹೋಗುವುದು ಸುಲಭ, ನೋಟ ಮಾತ್ರ ಐವತ್ತು ನೂರು ಮೀಟರ್‌ಗೆ ನಿಂತುಬಿಡುತ್ತದೆ. ಅಷ್ಟು ದೊಡ್ಡ ಗಾಡಿಯೂ ನೂರು ಹೆಜ್ಜೆಯಾಚೆ ಮರೆಯಾಗುತ್ತದೆ. ಲೋಹಶೋಧಕ ಹಿಡಿದವರಿಗೆ ಅಪಾಯ ಇನ್ನೂ ಹೆಚ್ಚು. ಕಣ್ಣು ನೆಲದ ಮೇಲೆ, ಕಿವಿ ಯಂತ್ರದ ದನಿಯಲ್ಲಿ, ಕಾಲು ಅತ್ತಿತ್ತ. ಗಂಟೆಗಟ್ಟಲೆ ಹೀಗೆ ಸುತ್ತಿದವನಿಗೆ ತಾನು ಬಂದ ದಿಕ್ಕೇ ನೆನಪಿರುವುದಿಲ್ಲ.

ಆದರೆ ಆ ನೆಲಕ್ಕೆ ಗುರುತಿಲ್ಲವೆಂಬುದು ಹೊರಗಿನವರ ಮಾತು. ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ ಆದಿವಾಸಿಗಳಿಗೆ ಅದು ಓದಬಲ್ಲ ಪುಸ್ತಕ. 1864ರ ಆಗಸ್ಟ್‌ನಲ್ಲಿ ವಿಕ್ಟೋರಿಯ ಪ್ರಾಂತದ ಹಾರ್ಶಮ್ ಸಮೀಪ ಒಂಬತ್ತು, ಏಳು ಮತ್ತು ಮೂರು ವರ್ಷದ ಮೂವರು ಮಕ್ಕಳು ಪೊರಕೆಕಡ್ಡಿ ತರಲು ಕಾಡಿಗೆ ಹೋಗಿ ಕಾಣೆಯಾದರು. ಊರವರು ಹುಡುಕಿ ಸೋತರು. ಕೊನೆಗೆ ಆದಿವಾಸಿ ಜಾಡುಗಾರರನ್ನು ಕರೆತಂದಾಗ, ಮುರಿದ ಕಡ್ಡಿ, ಒರಗಿದ ಹುಲ್ಲುಗಳನ್ನೇ ಹಿಡಿದು ಅವರು ಮಕ್ಕಳನ್ನು ಜೀವಸಹಿತ ಪತ್ತೆಮಾಡಿದರು. ಅಷ್ಟರಲ್ಲಿ ಒಂಬತ್ತು ದಿನಗಳು ಕಳೆದಿದ್ದವು. ಏಳು ವರ್ಷದ ಅಕ್ಕ ಜೇನ್ ತನ್ನ ಲಂಗವನ್ನೇ ಪುಟ್ಟ ತಮ್ಮನಿಗೆ ಹೊದಿಸಿ ಚಳಿಯಿಂದ ಕಾಪಾಡಿದ್ದಳೆಂದು ಆ ನಾಡಿನ ಮಕ್ಕಳು ಇಂದಿಗೂ ಓದುತ್ತಾರೆ. ಆ ಜಾಡುಗಾರರಲ್ಲೊಬ್ಬನಾದ ಡಿಕ್-ಎ-ಡಿಕ್ 1868ರಲ್ಲಿ ಇಂಗ್ಲೆಂಡಿಗೆ ಹೋದ ಆದಿವಾಸಿ ಕ್ರಿಕೆಟ್ ತಂಡದಲ್ಲಿಯೂ ಆಡಿದನು.

ಸುತ್ತಿ ಸುತ್ತಿ ಅಲ್ಲಿಗೇ

ದಾರಿ ತಪ್ಪಿದವನು ತಾನು ನೇರವಾಗಿ ನಡೆಯುತ್ತಿದ್ದೇನೆಂದೇ ನಂಬಿರುತ್ತಾನೆ. ಇದನ್ನು ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಜರ್ಮನಿಯ ಒಂದು ಅರಣ್ಯದಲ್ಲಿಯೂ ಸಹಾರಾ ಮರುಭೂಮಿಯಲ್ಲಿಯೂ ಜನರನ್ನು ನೇರವಾಗಿ ನಡೆಯಿರೆಂದು ಬಿಟ್ಟು, ಅವರ ಜಾಡನ್ನು ಉಪಗ್ರಹದ ನೆರವಿನಿಂದ ಬರೆದುಕೊಂಡರು. ಸೂರ್ಯನೋ ಚಂದ್ರನೋ ಕಾಣುವಷ್ಟು ಕಾಲ ಜನ ಬಹುಮಟ್ಟಿಗೆ ನೇರವಾಗಿಯೇ ನಡೆದರು. ಮೋಡ ಮುಸುಕಿದ ಕೂಡಲೇ ಕಾಡಿನಲ್ಲಿದ್ದವರು ಸುತ್ತತೊಡಗಿ, ತಮಗರಿವಿಲ್ಲದೆ ತಮ್ಮದೇ ಜಾಡನ್ನು ದಾಟಿಹೋದರು. ಕಣ್ಣು ಕಟ್ಟಿದವರಂತೂ ಕೆಲವೊಮ್ಮೆ 20 ಮೀಟರ್ ಅಗಲದ ಸುತ್ತಿನಲ್ಲಿಯೇ ತಿರುಗಿದರು. ಒಂದು ಕಾಲು ಇನ್ನೊಂದಕ್ಕಿಂತ ಬಲವಾಗಿರುವುದೇ ಇದಕ್ಕೆ ಕಾರಣವೆಂಬ ಹಳೆಯ ನಂಬಿಕೆಯೂ ನಿಲ್ಲಲಿಲ್ಲ. ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಬಾಗುತ್ತಿದ್ದ. ಹೊರಗಿನ ಗುರುತು ಇಲ್ಲದಿದ್ದರೆ "ನೇರ" ಎಂಬ ನಮ್ಮ ಒಳಗಿನ ಅರಿವೇ ಮೆಲ್ಲಮೆಲ್ಲನೆ ಜಾರುತ್ತ ಹೋಗುತ್ತದೆ.

ದಿಕ್ಕು ಹತ್ತು ಡಿಗ್ರಿಯಷ್ಟು ತಪ್ಪಿದರೂ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಗುರಿ ಸುಮಾರು 175 ಮೀಟರ್ ಪಕ್ಕಕ್ಕೆ ಉಳಿದುಬಿಡುತ್ತದೆ. ನೋಟ ನೂರು ಮೀಟರ್‌ಗೆ ನಿಲ್ಲುವ ಕಾಡಿನಲ್ಲಿ ಗಾಡಿಯ ಪಕ್ಕದಲ್ಲಿಯೇ ಹಾದುಹೋದರೂ ಅದು ಕಾಣದು.

ಗಾಡಿ ಬಿಡುವ ಮುನ್ನ

ಅನುಭವಿಗಳಿಂದ ನಾವು ತಿಳಿದುಕೊಂಡ ನಿಯಮಗಳು ಇವು. ಎಲ್ಲವೂ ಗಾಡಿಯ ಪಕ್ಕದಲ್ಲಿ ನಿಂತಿರುವಾಗಲೇ ಮಾಡಬೇಕಾದವು.

1. ಗಾಡಿಯನ್ನು ಬಯಲಿನಲ್ಲಿ ಅಥವಾ ದಾರಿಯ ಅಂಚಿನಲ್ಲಿ ನಿಲ್ಲಿಸಬೇಕು. ಗಿಡಗಳ ನಡುವೆ ಅಲ್ಲ. ಉದ್ದನೆಯ ಕೋಲಿಗೆ ಕಿತ್ತಳೆ ಅಥವಾ ಕೆಂಪು ಬಟ್ಟೆ ಕಟ್ಟಿ ಮೇಲೆತ್ತಿ ಇಡಬೇಕು.

2. ನೀರು, ಟೋಪಿ, ಸಿಳ್ಳೆ, ಬೆಂಕಿಪೆಟ್ಟಿಗೆ, ಮೊಬೈಲ್ ಇವು ಹೆಗಲ ಚೀಲದಲ್ಲಿರಬೇಕು. ಐದೇ ನಿಮಿಷದ ಕೆಲಸವೆಂದರೂ ಸರಿ.

3. ಹೊರಡುವಾಗ ದಾರಿಯ ಯಾವ ಪಕ್ಕಕ್ಕೆ ಹೋಗುತ್ತೇವೆಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು, ಗಾಡಿಯ ಬಳಿ ಉಳಿದವರಿಗೂ ಹೇಳಬೇಕು. ಇಷ್ಟು ಹೊತ್ತಿಗೆ ಬಾರದಿದ್ದರೆ ಹಾರ್ನ್ ಬಾರಿಸಬೇಕೆಂದು ಗೊತ್ತುಮಾಡಿಕೊಳ್ಳಬೇಕು. ಮನುಷ್ಯನ ಕೂಗಿಗಿಂತ ಹಾರ್ನ್ ದೂರ ಮುಟ್ಟುತ್ತದೆ.

4. ಐವತ್ತು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ನೋಡಬೇಕು. ಹೋಗುವಾಗ ಕಾಣುವ ಕಾಡು ಬೇರೆ, ಬರುವಾಗ ಕಾಣುವ ಕಾಡು ಬೇರೆ. ಗಾಡಿ ಮರೆಯಾಗುವ ಮುನ್ನ ಒಂದು ಗಿಡಕ್ಕೆ ಬಣ್ಣದ ಪಟ್ಟಿ ಕಟ್ಟಬೇಕು; ಆ ಪಟ್ಟಿ ಮರೆಯಾಗುವ ಮುನ್ನ ಇನ್ನೊಂದು. ಮರಳುವಾಗ ಅವುಗಳನ್ನು ಬಿಚ್ಚಿ ತರಬೇಕು.

5. ಮರಳುವಾಗ ಗಾಡಿಗೇ ಗುರಿಯಿಡಬಾರದು. ಇದು ವಿಚಿತ್ರವೆನಿಸಬಹುದು; ವಿವರಿಸುತ್ತೇವೆ. ದಾರಿ ದಕ್ಷಿಣೋತ್ತರವಾಗಿದೆ, ನಾವು ಪೂರ್ವಕ್ಕೆ ಹೋಗಿದ್ದೇವೆ ಎಂದುಕೊಳ್ಳೋಣ. ಮರಳುವಾಗ ನೇರ ಗಾಡಿಯತ್ತ ನಡೆದು ದಾರಿ ಮುಟ್ಟಿದಾಗ ಗಾಡಿ ಕಾಣದಿದ್ದರೆ, ಅದು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದು. ನಮಗೆ ಆದದ್ದು ಅದೇ. ಅದರ ಬದಲು ಬೇಕೆಂದೇ ತುಸು ಉತ್ತರಕ್ಕೆ ಸರಿದು ನಡೆದರೆ, ದಾರಿ ಮುಟ್ಟಿದಾಗ ಗಾಡಿ ಖಂಡಿತವಾಗಿ ದಕ್ಷಿಣಕ್ಕೆ, ಅಂದರೆ ನಮ್ಮ ಎಡಗಡೆಗೆ ಇರುತ್ತದೆ. ತಿಳಿದು ಮಾಡಿದ ಸಣ್ಣ ತಪ್ಪು ದೊಡ್ಡ ಸಂಶಯವನ್ನು ನೀಗುತ್ತದೆ.

ದಿಕ್ಕಿನ ಸಾಧನಗಳು

ಮುಳ್ಳಿನ ಗಡಿಯಾರ ಇದ್ದವರು ಅದರ ಹನ್ನೆರಡರ ಅಂಕಿಯನ್ನು ಸೂರ್ಯನತ್ತ ಹಿಡಿಯಬೇಕು. ಹನ್ನೆರಡಕ್ಕೂ ಗಂಟೆಯ ಮುಳ್ಳಿಗೂ ನಡುವಿನ ಗೆರೆ ಸುಮಾರಾಗಿ ಉತ್ತರ. ಎರಡು ಗಂಟೆಯಾಗಿದ್ದರೆ ಒಂದರ ಅಂಕಿ ತೋರುವುದು ಉತ್ತರ. ನಮ್ಮ ದೇಶದಲ್ಲಿ ಕ್ರಮ ಬೇರೆ: ಗಂಟೆಯ ಮುಳ್ಳನ್ನೇ ಸೂರ್ಯನತ್ತ ಹಿಡಿಯಬೇಕು, ನಡುವಿನ ಗೆರೆ ದಕ್ಷಿಣ. ಸೂರ್ಯ ನೆತ್ತಿಯ ಸಮೀಪಕ್ಕೆ ಬರುವ ತಿಂಗಳುಗಳಲ್ಲಿ ಮಾತ್ರ ಇದನ್ನು ನಂಬಬಾರದು.

ರಾತ್ರಿಯ ಆಕಾಶವೂ ಬೇರೆಯೇ. ಅಲ್ಲಿ ಧ್ರುವನಕ್ಷತ್ರ ಕಾಣುವುದಿಲ್ಲ. ನಾವು ತ್ರಿಶಂಕು ಎಂದು ಕರೆಯುವ ನಾಲ್ಕು ನಕ್ಷತ್ರಗಳ ಶಿಲುಬೆಯಾಕಾರದ ಗುಂಪೇ ಅಲ್ಲಿಯವರಿಗೆ ದಾರಿದೀಪ. ಅದರ ಉದ್ದನೆಯ ತೋಳನ್ನು ಬುಡದ ಕಡೆಗೆ ನಾಲ್ಕೂವರೆ ಪಟ್ಟು ಮುಂದುವರಿಸಿ, ಆ ಬಿಂದುವಿನಿಂದ ನೇರ ಕೆಳಕ್ಕೆ ದಿಗಂತವನ್ನು ನೋಡಿದರೆ ಅದೇ ದಕ್ಷಿಣ.

ದಿಕ್ಸೂಚಿ ಒಳ್ಳೆಯ ಸಂಗಾತಿ. ಆದರೆ ನಮ್ಮ ದೇಶದಲ್ಲಿ ಕೊಂಡುಹೋದುದರ ಮುಳ್ಳು ಅಲ್ಲಿ ಓರೆಯಾಗಿ ತಗಲಿ ನಿಲ್ಲಬಹುದು. ಅಲ್ಲಿಯದನ್ನೇ ಕೊಳ್ಳುವುದು ಲೇಸು. ಗಾಡಿಯ ಕಬ್ಬಿಣದಿಂದ ಕೆಲವು ಹೆಜ್ಜೆ ದೂರ ನಿಂತು ನೋಡಬೇಕು. ಕಬ್ಬಿಣದ ಅದಿರಿನ ಕಲ್ಲುಗಳಿರುವ ಕಡೆಯೂ ಅದು ದಿಕ್ಕು ತಪ್ಪಿಸಬಲ್ಲದು.

ಈಗ ಉಪಗ್ರಹಗಳ ಸಂಕೇತದಿಂದ ಸ್ಥಳ ತಿಳಿಸುವ ಜಿಪಿಎಸ್ ಎಲ್ಲರ ಮೊಬೈಲ್‌ನಲ್ಲಿದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರಕಾರ ಸಾರ್ವಜನಿಕರಿಗೆ ಬರುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು, ನೂರು ಮೀಟರ್‌ನಷ್ಟು ವ್ಯತ್ಯಾಸ ಬರುತ್ತಿತ್ತು. ಆ ಬಳಿಕ ಅದು ಕೆಲವೇ ಮೀಟರ್‌ಗೆ ಇಳಿದಿದೆ. ಮೊಬೈಲ್ ಗೋಪುರದ ಸಂಪರ್ಕವಿಲ್ಲದ ಕಡೆಯೂ ಜಿಪಿಎಸ್ ಕೆಲಸ ಮಾಡುತ್ತದೆಂಬುದು ಅನೇಕರಿಗೆ ತಿಳಿಯದು. ನಕ್ಷೆಯನ್ನು ಮಾತ್ರ ಮನೆಯಲ್ಲಿಯೇ ಇಳಿಸಿಕೊಂಡಿರಬೇಕು. ನೆನಪಿಡಬೇಕಾದ ಮುಖ್ಯ ಸಂಗತಿ ಇನ್ನೊಂದು: ನಾವು ಎಲ್ಲಿದ್ದೇವೆಂಬುದು ಯಂತ್ರಕ್ಕೆ ಗೊತ್ತು, ಗಾಡಿ ಎಲ್ಲಿದೆಯೆಂಬುದನ್ನು ನಾವೇ ಹೇಳಬೇಕು. ಗಾಡಿಯಿಂದ ಇಳಿದೊಡನೆ ಆ ಸ್ಥಳವನ್ನು ಯಂತ್ರದಲ್ಲಿ ಗುರುತು ಹಾಕದಿದ್ದರೆ ಅದು ಜೇಬಿನಲ್ಲಿದ್ದೂ ಪ್ರಯೋಜನವಿಲ್ಲ.

ಕೊನೆಯ ಆಸರೆಯೆಂದರೆ ಅಂಗೈಯಗಲದ ಆಪತ್ಸಂಕೇತ ಯಂತ್ರ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್ ತರಂಗದಲ್ಲಿ ಉಪಗ್ರಹಗಳ ಮೂಲಕ ಆಸ್ಟ್ರೇಲಿಯದ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಕರೆ ಮುಟ್ಟುತ್ತದೆ. ಇದು ಅನೇಕ ದೇಶಗಳು ಕೂಡಿ ನಡೆಸುವ ವ್ಯವಸ್ಥೆ. ಭಾರತದ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇಸ್ರೋ ಆಶ್ರಯದಲ್ಲಿದೆ. ಪ್ರಾಣಾಪಾಯವಿದ್ದಾಗ ಮಾತ್ರ ಇದನ್ನು ಬಳಸಬೇಕು.

ತಪ್ಪಿದೆವೆಂದು ತಿಳಿದಾಗ

ಮೊದಲ ಕೆಲಸ ನಿಲ್ಲುವುದು. ನಿಂತ ಜಾಗದ ಗಿಡಕ್ಕೆ ಶಾಲೋ ವಸ್ತ್ರವೋ ಕಟ್ಟಿ, ನೆರಳಿನಲ್ಲಿ ಕುಳಿತು, ಮನಸ್ಸು ತಿಳಿಯಾಗುವವರೆಗೆ ಕಾಯಬೇಕು. ಮಣ್ಣಿನಲ್ಲಿ ನಮ್ಮದೇ ಹೆಜ್ಜೆಗಳು ಕಂಡರೆ ಅವುಗಳನ್ನೇ ಹಿಡಿದು ಹಿಂದಿರುಗಬಹುದು. ಇಲ್ಲವಾದರೆ ಕಟ್ಟಿದ ವಸ್ತ್ರ ಕಣ್ಣಿಗೆ ಬೀಳುವಷ್ಟು ದೂರ ಒಂದೊಂದೇ ದಿಕ್ಕಿಗೆ ಹೋಗಿ ನೋಡಿ, ಮತ್ತೆ ಅಲ್ಲಿಗೇ ಬರಬೇಕು. ಗಂಡಸು ಧೈರ್ಯದಿಂದ ಮುನ್ನುಗ್ಗಿದಷ್ಟೂ ಹುಡುಕುವವರ ಕೆಲಸ ಕಠಿಣವಾಗುತ್ತದೆ.

2015ರ ಅಕ್ಟೋಬರ್‌ನಲ್ಲಿ 62 ವರ್ಷದ ಒಬ್ಬರು ಲ್ಯಾವರ್ಟನ್ ಊರಿನ ಪೂರ್ವದ ಮರುಭೂಮಿಯಲ್ಲಿ ಕಾಡು ಒಂಟೆಯೊಂದರ ಬೆನ್ನಟ್ಟಿ, ಬರಿಯ ಅಂಗಿ ಚಪ್ಪಲಿಗಳಲ್ಲಿ, ನೀರಿಲ್ಲದೆ ಹೋಗಿ ದಾರಿ ತಪ್ಪಿದರು. ಆರು ದಿನ ನೀರಿಲ್ಲದೆ, ಕಪ್ಪಿರುವೆ ತಿಂದು ಒಂದು ಮರದಡಿ ಮಲಗಿದ್ದ ಅವರನ್ನು ಪೊಲೀಸರು ಹೆಜ್ಜೆಯ ಜಾಡು ಹಿಡಿದು ಹೋಗಿ ಉಳಿಸಿದರು. ಎಲ್ಲರಿಗೂ ಆ ಭಾಗ್ಯವಿಲ್ಲ. 1963ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ತಂದೆ, ತಾಯಿ, ಮೂವರು ಗಂಡುಮಕ್ಕಳ ಒಂದು ಸಂಸಾರ ಬರ್ಡ್ಸ್‌ವಿಲ್ ದಾರಿಯಲ್ಲಿ ತಪ್ಪಿ, ಗಾಡಿ ನಿಂತುಹೋದ ಮೇಲೆ ಅದನ್ನು ಬಿಟ್ಟು ನಡೆದು ಹೊರಟು, ಐವರೂ ಬಾಯಾರಿ ಮಡಿದರು. ಅಂದಿನಿಂದ ಅಲ್ಲಿಯ ಹಿರಿಯರು ಕಿರಿಯರಿಗೆ ಹೇಳುವ ಮಾತು ಒಂದೇ: ಗಾಡಿ ಕೆಟ್ಟರೆ ಗಾಡಿಯನ್ನು ಬಿಡಬೇಡ. ಅದು ನೆರಳು ಕೊಡುತ್ತದೆ. ಆಕಾಶದಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ.

ಕೊನೆಯ ಮಾತು

ಅಂದು ಸಂಜೆ ಕಾಲ್ಗೂರ್ಲಿಗೆ ಮರಳುವಾಗ ಗಾಡಿಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಮೊಮ್ಮಗ ನಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಅವನ ತಲೆ ಸವರುತ್ತ ನಾವು ಕೇಳಿದೆವು: "ಅಜ್ಜ ನಿನ್ನ ಮಾತು ಕೇಳಲಿಲ್ಲಂತ ಸಿಟ್ಟು ಬಂತೇನೋ?" ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ: "ಇಲ್ಲ ಅಜ್ಜಾ, ನಿಮ್ಮೂರಾಗ ಸೂರ್ಯ ಹಂಗ ಇರ್ತಾನಲ್ಲ."

ಅರವತ್ತು ವರ್ಷಗಳ ನಮ್ಮ ಅನುಭವ ಸುಳ್ಳಾಗಿರಲಿಲ್ಲ. ಆ ಅನುಭವವನ್ನು ಕೊಟ್ಟ ನೆಲ ಬೇರೆ, ಅಂದು ನಾವು ನಿಂತ ನೆಲ ಬೇರೆ. ಹೊಸ ನೆಲದಲ್ಲಿ ಹಿರಿಯರೂ ಹೊಸಬರೇ. ಅಲ್ಲಿ ಬೆಳೆದ ಮಗು ದಾರಿ ಹೇಳಿದರೆ ನಿಂತು ಕೇಳಬೇಕು. ಈಗ ಯಾವ ಊರಿಗೆ ಹೋದರೂ, ಗಾಡಿಯಿಂದ ಇಳಿದೊಡನೆ ನಾವು ಒಮ್ಮೆ ಹಿಂದಿರುಗಿ ನೋಡುತ್ತೇವೆ. ನಮ್ಮ ಮನೆಯವರು ನೀರಿನ ಬಾಟಲಿಯನ್ನು ಮರೆಯದೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ನಮ್ಮ ಓದುಗರ ಮನೆಗಳಿಂದ ದೂರದ ನಾಡಿಗೆ ಹೋಗುವ ಹಿರಿಯರೂ ಕಿರಿಯರೂ ಇಷ್ಟನ್ನು ರೂಢಿಮಾಡಿಕೊಂಡು, ಹೋದಷ್ಟೇ ಸುಖವಾಗಿ ಮನೆಗೆ ಮರಳಲಿ.